ಗುಣ, ವಾಸಿ ಮತ್ತು ಅಪ್ಪನ ಕಾಲ್ಬೆರಳು

ನಮ್ಮೂರು ಮಧುವನಹಳ್ಳಿ. ಕೊಳ್ಳೇಗಾಲದಿಂದ ಹನೂರಿನ ಕಡೆ, ಮಾದಪ್ಪನ ಬೆಟ್ಟದ ದಾರಿಯಲ್ಲಿ ಸಿಗುತ್ತೆ. ಒಂಬತ್ತು ವರ್ಷದ ಹಿಂದೆ ಅಪ್ಪನಿಗೆ ಮಧುಮೇಹ ಅಂತ ಗೊತ್ತಾದಾಗ, 'ಊರಿನ ಹೆಸರು ರಕ್ತಕ್ಕೂ ಬಂತು' ಅಂತ ಮನೆಯವರೆಲ್ಲ ನಕ್ಕಿದ್ವಿ. ಈಗ ಆ ಜೋಕಿಗೆ ಯಾರೂ ನಗಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಒಂದು ಸುದ್ದಿ ಬಂದಿತ್ತು, ನಿಮಗೂ ನೆನಪಿರಬಹುದು. ಚೀನಾದ ಟಿಯಾಂಜಿನ್‌ನ 25 ವರ್ಷದ ಹೆಣ್ಣುಮಗಳೊಬ್ಬಳ ದೇಹದ ಜೀವಕೋಶಗಳನ್ನೇ ತೆಗೆದು, ಅವನ್ನು ಇನ್ಸುಲಿನ್ ತಯಾರಿಸುವ ಕೋಶಗಳನ್ನಾಗಿ ಬದಲಾಯಿಸಿ, ಅವಳ ಹೊಟ್ಟೆಯೊಳಗೆ ಕಸಿ ಮಾಡಿದ್ದರು. ಎರಡೂವರೆ ತಿಂಗಳಲ್ಲಿ ಅವಳಿಗೆ ಹೊರಗಿನ ಇನ್ಸುಲಿನ್ ಬೇಡವಾಯ್ತು. ಆಫೀಸ್ ಕ್ಯಾಬ್‌ನಲ್ಲಿ ಕೂತು ಓದಿದೆ, ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೇಲೆ ಒಂದೇ ಸಾಲು: 'ಅಪ್ಪ, ಸಕ್ಕರೆ ಕಾಯಿಲೆಗೂ ಮದ್ದು ಸಿಕ್ತು ನೋಡು!'

ಅವಳದ್ದು ಟೈಪ್ 1, ಅಪ್ಪನದ್ದು ಟೈಪ್ 2 ಅಂತ ನಾನು ಬರೆಯಲಿಲ್ಲ. ಅದು ಒಬ್ಬಳ ಮೇಲೆ ನಡೆದ ಪ್ರಯೋಗ ಅಂತಲೂ ಬರೆಯಲಿಲ್ಲ. ಸಿಗ್ನಲ್ ಬಿಟ್ಟಿತು, ನಾನು ಇನ್ನೊಂದು ಆಪ್ ತೆರೆದೆ.

ಆಮೇಲೆ ಒಂದು ತಿಂಗಳಿಗೆ ಊರಿಗೆ ಯಾರೋ ಪುಡಿ ಮಾರುವವನು ಬಂದ. ಮೂರು ತಿಂಗಳು ಕುಡಿದರೆ ಬೇರುಸಮೇತ ಗುಣ ಅಂದ. ಅಪ್ಪ ಮಾತ್ರೆ ಬಿಟ್ಟ. ಹಿಪ್ಪುನೇರಳೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವಾಗ ಕಡ್ಡಿ ಚುಚ್ಚಿದ್ದು ಗೊತ್ತಾಗಲಿಲ್ಲ. ಸಕ್ಕರೆ ನರಗಳನ್ನು ತಿಂದು ಪಾದದ ನೋವನ್ನೇ ಕದ್ದಿರುತ್ತೆ. ಗಾಯ ಕೀವಾಯ್ತು. ಕೊನೆಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಬಲಗಾಲಿನ ಒಂದು ಬೆರಳು ತೆಗೆದರು.

ವಾರ್ಡಿನಲ್ಲಿ ನಾನು ರೇಗಿದೆ. 'ಯಾರೋ ದಾರೀಲಿ ಹೋಗೋನು ಹೇಳಿದ್ದನ್ನ ಹೆಂಗಪ್ಪ ನಂಬಿದೆ?' ಅಪ್ಪ ಮೆತ್ತಗೆ ಹೇಳಿದ: 'ಮದ್ದು ಸಿಕ್ತು ಅಂತ ನೀನೇ ಅಲ್ವಾ ಮಗ ಕಳಿಸಿದ್ದು? ಚೀನಾದಲ್ಲಿ ಆಗೋದು ಇಲ್ಲೂ ಆಗಬೈದು ಅಂದ್ಕಂಡಿ.'

ಅವತ್ತಿಂದ ಈ ಪ್ರಶ್ನೆ ನನ್ನ ಬಿಟ್ಟಿಲ್ಲ. ನಮ್ಮಲ್ಲಿ 1954ರ ಒಂದು ಕಾನೂನಿದೆ. ಸಕ್ಕರೆ ಕಾಯಿಲೆ ಗುಣಪಡಿಸ್ತೀವಿ ಅಂತ ಜಾಹೀರಾತು ಕೊಡೋದೇ ಅದರ ಪ್ರಕಾರ ಅಪರಾಧ. ಆದ್ರೆ ನನ್ನ ಫಾರ್ವರ್ಡ್ ಯಾವ ಕಾನೂನಿಗೂ ಸಿಗಲ್ಲ. ಸುದ್ದಿ ನಿಜವೇ, ಕಳಿಸಿದ್ದು ಪ್ರೀತಿಯಿಂದಲೇ. ಹಾಗಾದ್ರೆ ತಪ್ಪೆಲ್ಲಿ? ನನಗನ್ನಿಸೋದು, ಆಸೆ ಕೊಡೋದು ನನಗೆ ತುಂಬಾ ಅಗ್ಗವಾಗಿತ್ತು. ದಿನಾ ಫೋನ್ ಮಾಡಿ 'ಕಾಲು ನೋಡ್ಕೊಂಡ್ಯಾ?' ಅಂತ ಕೇಳೋದಕ್ಕಿಂತ ಒಂದು ಲಿಂಕ್ ಕಳಿಸೋದು ಸುಲಭ. ಅದರ ಬೆಲೆ ಕಟ್ಟಿದವನು ಅಪ್ಪ.

ಹಾಗಂತ ಮದ್ದು ಹುಡುಕೋದೇ ತಪ್ಪು ಅನ್ನೋಕಾಗಲ್ಲ. 1922ರ ಜನವರಿ 11ರಂದು ಟೊರೊಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದಾಗ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಹನ್ನೆರಡು ದಿನ ಕೂತು ಅದನ್ನು ಇನ್ನಷ್ಟು ಶುದ್ಧ ಮಾಡಿ ಮತ್ತೆ ಕೊಟ್ಟರು, ಹುಡುಗ ಚೇತರಿಸಿಕೊಂಡ. ಕಂಡುಹಿಡಿದವರು ತಲಾ ಒಂದು ಡಾಲರ್‌ಗೆ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಅಪ್ಪ ಬಿಟ್ಟ ಮೆಟ್‌ಫಾರ್ಮಿನ್‌ನ ಮೂಲವೂ ಒಂದು ಗಿಡವೇ. ಯುರೋಪಿನ ಹಳ್ಳಿಮದ್ದಾಗಿದ್ದ ಗಲೇಗಾ ಗಿಡದ ಜಾಡು ಹಿಡಿದು ಹೋದವರಿಗೆ ಅದು ಸಿಕ್ಕಿತು. 1957ರಲ್ಲಿ ಫ್ರಾನ್ಸಿನ ವೈದ್ಯ ಜ್ಯಾಂ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಪುಡಿಗೂ ಮಾತ್ರೆಗೂ ಇರೋ ವ್ಯತ್ಯಾಸ ನಾಟಿ-ಇಂಗ್ಲಿಷ್ ಅನ್ನೋದಲ್ಲ. ಒಂದನ್ನು ಪರೀಕ್ಷೆಗೆ ಒಡ್ಡಿದ್ದಾರೆ, ಇನ್ನೊಂದನ್ನು ಒಡ್ಡಿಲ್ಲ, ಅಷ್ಟೇ.

ಆದರೆ ಇನ್ಸುಲಿನ್ನೂ ಗುಣ ಮಾಡಲಿಲ್ಲ. ಸಾವನ್ನು ದಿನನಿತ್ಯದ ಕೆಲಸವನ್ನಾಗಿ ಬದಲಾಯಿಸಿತು. 2017ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಆಹಾರ ಕಟ್ಟುನಿಟ್ಟು ಮಾಡಿ ತೂಕ ಇಳಿಸಿದ ಟೈಪ್ 2 ರೋಗಿಗಳಲ್ಲಿ 46% ಜನ ಒಂದು ವರ್ಷದ ಹೊತ್ತಿಗೆ ಮಾತ್ರೆ ಇಲ್ಲದೆಯೇ ಸಕ್ಕರೆಯನ್ನು ಹತೋಟಿಗೆ ತಂದಿದ್ದರು. ಎರಡನೇ ವರ್ಷಕ್ಕೆ ಅದು 36% ಆಯ್ತು. ಅವರೆಲ್ಲ ಕಾಯಿಲೆ ಬಂದು ಆರು ವರ್ಷದೊಳಗಿನವರು. ವೈದ್ಯರು ಇದಕ್ಕೆ ರೆಮಿಷನ್ ಅಂತಾರೆ. ಕಾಯಿಲೆ ಬಿಡುವು ಕೊಟ್ಟಿದೆ, ಮನೆ ಬಿಟ್ಟು ಹೋಗಿಲ್ಲ.

ಅಪ್ಪನಿಗೆ ಈ ಬಿಡುವು ಸಾಲದು, ಗುಣವೇ ಬೇಕು. ಯಾಕೆ ಅಂತ ನನಗೆ ತಡವಾಗಿ ಹೊಳೀತು. ಕನ್ನಡದಲ್ಲಿ ಕಾಯಿಲೆ ಹೋದರೂ 'ಗುಣ', ಮನುಷ್ಯನ ನಡತೆಗೂ 'ಗುಣ'. ಸಕ್ಕರೆ ಕಾಯಿಲೆಯಲ್ಲಿ ಈ ಎರಡನ್ನೂ ನಾವು ಕಲಸಿಬಿಟ್ಟಿದ್ದೀವಿ. ರಿಪೋರ್ಟ್ ಬಂದ ತಕ್ಷಣ ನಾನು ಕೇಳ್ತಿದ್ದ ಮೊದಲ ಮಾತು, 'ಯಾಕೆ ಜಾಸ್ತಿಯಾಯ್ತು, ಏನ್ ತಿಂದೆ?' ಅದು ಪೊಲೀಸ್ ವಿಚಾರಣೆ. ಮೂರು ತಿಂಗಳ ಸರಾಸರಿ ಅಂದ್ರೆ ಮೂರು ತಿಂಗಳ ಚಾರ್ಜ್‌ಶೀಟು. ಪುಡಿಯವನು ಹಾಗೆ ಕೇಳಲಿಲ್ಲ. ಜಗಲಿ ಮೇಲೆ ಅರ್ಧ ಗಂಟೆ ಕೂತು ಅಪ್ಪ ಹೇಳಿದ್ದನ್ನೆಲ್ಲ ಕೇಳಿಸಿಕೊಂಡನಂತೆ. ಅಪ್ಪ ದುಡ್ಡು ಕೊಟ್ಟಿದ್ದು ಬರೀ ಪುಡಿಗಲ್ಲ. ದಿನಾ ತಪ್ಪಿತಸ್ಥನಾಗಿ ನಿಲ್ಲೋದರಿಂದ ಬಿಡುಗಡೆಗೆ.

ನಮ್ಮ ಪಕ್ಕದ ಯಳಂದೂರಿನ ಒಂದು ಕಥೆ ಇಲ್ಲಿ ಹೇಳಲೇಬೇಕು. ಎಂಬತ್ತರ ದಶಕದಲ್ಲಿ ಆ ತಾಲ್ಲೂಕಿನಲ್ಲಿ ಸಾವಿರ ಜನಕ್ಕೆ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಕುಷ್ಠರೋಗ ಇತ್ತು. ಅದಕ್ಕೆ ಗುಣಪಡಿಸುವ ಮಾತ್ರೆ ಆಗಲೇ ಬಂದಿತ್ತು. ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1980ರ ದಶಕದ ಆರಂಭದಲ್ಲಿ. ಆದರೆ ಮಾತ್ರೆಗೆ ಕಾಲಿಲ್ಲ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1986ರಲ್ಲಿ ಶುರುವಾಗಿ ಊರೂರಲ್ಲಿ ರೋಗಿಗಳನ್ನು ಹುಡುಕಿತು. ಆ ಸಂಖ್ಯೆ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳೀತು. ಅಂದ್ರೆ ಮದ್ದು ಹುಡುಕೋದು ಅರ್ಧ ಕೆಲಸ. ಮನುಷ್ಯರನ್ನು ಹುಡುಕಿಕೊಂಡು ಹೋಗೋದು ಇನ್ನರ್ಧ. ಮೊದಲನೇದನ್ನು ಲ್ಯಾಬಿನಲ್ಲಿರುವವರು ಮಾಡಬೇಕು. ಎರಡನೇದಕ್ಕೆ ನಾನು ಸಾಕಿತ್ತು. ಮಾಡಲಿಲ್ಲ.

ಇದನ್ನು ನಿಮಗೆ ಹೇಳೋಕೆ ಇನ್ನೊಂದು ಕಾರಣವಿದೆ. 2023ರಲ್ಲಿ ಐಸಿಎಂಆರ್ ಅಧ್ಯಯನವೊಂದು ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಅಂತ ಲೆಕ್ಕ ಹಾಕಿತು. ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 5.9 ಬಂದಿದೆ. ಆ ಹೊಸ್ತಿಲಲ್ಲಿ ನಾನೂ ನಿಂತಿದ್ದೀನಿ, ಕೈಯಲ್ಲಿ ಹನ್ನೊಂದು ಗಂಟೆ ರಾತ್ರಿಯ ಬಿರಿಯಾನಿ ಪಾರ್ಸೆಲ್ ಹಿಡ್ಕೊಂಡು. ನಾಳೆ ನನ್ನ ಮಗಳು ನನ್ನನ್ನು ಹೇಗೆ ಕೇಳಬೇಕು ಅಂತ ನಾನು ಬಯಸ್ತೀನೋ, ಹಾಗೆ ಇವತ್ತು ಅಪ್ಪನನ್ನ ಕೇಳೋದು ಕಲೀತಿದ್ದೀನಿ.

ಈಗ ರಾತ್ರಿ ಎಂಟಕ್ಕೆ ವಿಡಿಯೊ ಕಾಲ್ ಮಾಡ್ತೀನಿ. ಅಪ್ಪ ಫೋನನ್ನು ಅವ್ವನ ಕೈಗೆ ಕೊಟ್ಟು ಎರಡೂ ಪಾದ ತೋರಿಸ್ತಾನೆ. ಏನ್ ತಿಂದೆ ಅಂತ ನಾನು ಕೇಳಲ್ಲ. ರೇಷ್ಮೆಗೂಡಿನ ರೇಟ್ ಕೇಳ್ತೀನಿ.

ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರನ್ನು ಅಪ್ಪ ಅದೇ ಹಳೇ ಪ್ರಶ್ನೆ ಕೇಳಿದ: 'ಇದು ವಾಸಿ ಆಯ್ತದಾ ಸಾ?' ಆ ಹುಡುಗ ಡಾಕ್ಟರ್ ರಿಪೋರ್ಟ್ ನೋಡಿ, 'ಹೋದ ಸಲಕ್ಕಿಂತ ವಾಸಿ ಯಜಮಾನ್ರೇ' ಅಂದರು.

ಅಪ್ಪ ತಲೆಯಾಡಿಸಿ ಚಪ್ಪಲಿ ಹಾಕ್ಕೊಂಡ. ಈಗ ತೋಟಕ್ಕೂ ಚಪ್ಪಲಿ ಹಾಕ್ಕೊಂಡೇ ಹೋಗ್ತಾನೆ.