ಸುಮ್ಮನೆ ಕೂರುವಷ್ಟು ಜಾಗ

ಬೆಂಗಳೂರಿನಿಂದ ಬಂದ ನೆಂಟರು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸುತ್ತ ಒಮ್ಮೆ ಕಣ್ಣಾಡಿಸಿ ಹೇಳುವ ಮಾತು ಯಾವಾಗಲೂ ಒಂದೇ: "ನಿಮಗೇನು ಬಿಡಿ, ಬಾಗಿಲು ತೆಗೆದರೆ ಕಾಡು, ಬೆಟ್ಟ. ನಾವು ಇದಕ್ಕೆ ಸಾವಿರಾರು ರೂಪಾಯಿ ಸುರಿದು ಬರಬೇಕು." ಮಾತು ಸುಳ್ಳಲ್ಲ. ಆದರೆ ಅದೇ ಕೊಪ್ಪದಲ್ಲಿ ಬಾಡಿಗೆ ಮನೆಯಲ್ಲಿದ್ದು, ತಿಂಗಳ ಕೊನೆಗೆ ಲೆಕ್ಕ ನೋಡಿ ಖರ್ಚು ಮಾಡುವ ಒಂದು ಸಂಸಾರವನ್ನು ಕೇಳಿ ನೋಡಿ. ಭಾನುವಾರ ಸಂಜೆ ಮಕ್ಕಳನ್ನು ಕರೆದುಕೊಂಡು, ಕೈಯಿಂದ ದುಡ್ಡು ಬಿಚ್ಚದೆ, ಎರಡು ಗಂಟೆ ಹೊರಗೆ ಕೂತು ಬರಲು ಎಲ್ಲಿಗೆ ಹೋಗುತ್ತೀರಿ? ಉತ್ತರ ತಟ್ಟನೆ ಬರುವುದಿಲ್ಲ.

ಹಸಿರಿದೆ, ಆ ಹಸಿರಿಗೆಲ್ಲ ಒಡೆಯರಿದ್ದಾರೆ. ಕಣ್ಣಿಗೆ ಕಾಣುವ ಅಡಿಕೆ ತೋಟ ಒಬ್ಬರದು, ಅದರಾಚೆಯ ಕಾಫಿ ಎಸ್ಟೇಟ್ ಇನ್ನೊಬ್ಬರದು, ಅದಕ್ಕೂ ಮೇಲಿನ ಕಾಡು ಅರಣ್ಯ ಇಲಾಖೆಯದು. ತೋಟಗಳಿಗೆ ಈಗ ಐಬೆಕ್ಸ್ ಎನ್ನುವ ವಿದ್ಯುತ್ ಬೇಲಿ ಬಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಳೆಯ ಜೊತೆಗೆ ಉಂಬಳ. ಮಳೆ ಹಿಂದಾಗಿ ಕಾಡಿನೊಳಗೆ ನೆಲ ಒಣಗಿ, ಇನ್ನು ತಿರುಗಾಡಬಹುದು ಎನ್ನುವ ಹೊತ್ತಿಗೆ ಉಣುಗಿನ ಕಾಲ ಶುರುವಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಮ್ಮ ಕಡೆಯೂ ಬೇಸಿಗೆಯ ಆತಂಕವಾಗಿ ಉಳಿದಿದೆ. ದರಗು ಗುಡಿಸಲು ಕಾಡಿಗೆ ಹೋಗುವ ಹೆಂಗಸರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಟ್ಟ ಡೇಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡು ಹೋಗುತ್ತಾರೆ. ವಿಹಾರಕ್ಕೆಂದು ಮಕ್ಕಳನ್ನು ಅಲ್ಲಿಗೆ ಯಾರು ಕರೆದೊಯ್ದಾರು?

ಹಾಗಾಗಿ ನಮ್ಮ ಮೂರು ಪೇಟೆಗಳಲ್ಲಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ, ಅಪರೂಪವಾಗಿರುವುದು ಬಯಲು. ಆಕಾಶ ಕಾಣುವಂಥ, ಯಾರ ಅಪ್ಪಣೆಯೂ ಬೇಡದಂಥ ಒಂದಿಷ್ಟು ತೆರೆದ ನೆಲ. ಇದರ ಜೊತೆಗೆ ದುಡ್ಡಿನಷ್ಟೇ ಗಟ್ಟಿಯಾದ ಇನ್ನೊಂದು ಅಡ್ಡಿಯಿದೆ. ಸಣ್ಣ ಊರಿನಲ್ಲಿ ಒಬ್ಬರೇ ಮೋರಿ ಕಟ್ಟೆಯ ಮೇಲೆ ಕೂತರೆ ದಾಟಿ ಹೋಗುವವರು ನಿಂತು ಕೇಳುತ್ತಾರೆ, "ಎಂತ, ಇಲ್ಲಿ ಕೂತಿದ್ದೀರಿ?" ಕೇಳುವುದರಲ್ಲಿ ಕಾಳಜಿಯೇ ಹೆಚ್ಚು. ಆದರೂ ಉತ್ತರ ಕೊಡಲೇಬೇಕು. ಗಂಡಸರಾದರೆ ಬಸ್ಸಿಗೆ ಕಾಯುತ್ತಿದ್ದೇನೆ ಎಂದು ದಾಟಿಸಿಬಿಡಬಹುದು. ಹೆಂಗಸರಿಗೆ ಅಷ್ಟೂ ಸುಲಭವಲ್ಲ. ಸುಮ್ಮನೆ ಕೂತಿದ್ದೇನೆ ಎನ್ನುವ ಉತ್ತರ ನಮ್ಮಲ್ಲಿ ಯಾರಿಗೂ ಸಮಾಧಾನ ಕೊಡುವುದಿಲ್ಲ. ಹೊರಗೆ ಕೂರಲು ನೆಪ ಬೇಕು.

ಆ ನೆಪವನ್ನು ಪುಕ್ಕಟೆಯಾಗಿ ಕೊಡುವ ಊರು ಶೃಂಗೇರಿ. ಶಾರದಾಂಬೆಯ ಗುಡಿ, ಪಕ್ಕದಲ್ಲಿ 14ನೇ ಶತಮಾನದ ವಿದ್ಯಾಶಂಕರ ದೇವಾಲಯ, ಅಲ್ಲಿಂದ ತುಂಗೆಗೆ ಇಳಿಯುವ ಮೆಟ್ಟಿಲು. ದೂರದಿಂದ ಬಂದವರು ದರ್ಶನ ಮುಗಿಸಿ, ರಾಶಿಚಕ್ರದ ಹನ್ನೆರಡು ಕಂಬಗಳ ಫೋಟೊ ತೆಗೆದು, ಊಟದ ಹಾಲಿನತ್ತ ಅವಸರದಲ್ಲಿ ನಡೆಯುತ್ತಾರೆ. ಊರಿನವರು ಬರುವುದು ಬಿಸಿಲು ಇಳಿದ ಮೇಲೆ. ಅವರು ನೇರ ಮೆಟ್ಟಿಲಿಗೇ ಬರುತ್ತಾರೆ. ಕೊನೆಯ ಮೆಟ್ಟಿಲಿನ ಹತ್ತಿರ ತೋಳುದ್ದದ ಮೀನುಗಳು ಕಪ್ಪು ಬೆನ್ನು ತೋರಿಸುತ್ತಾ ತೇಲಾಡುತ್ತಿರುತ್ತವೆ. ಮಗುವೊಂದು ಹಿಡಿ ಮಂಡಕ್ಕಿ ಎರಚಿದರೆ ಆ ಜಾಗದ ನೀರು ಕುದಿ ಬಂದ ಹಾಗೆ ಉಕ್ಕುತ್ತದೆ. ಮರುಕ್ಷಣ ಮತ್ತೆ ತಣ್ಣಗೆ. ಮಗು ಇನ್ನೊಂದು ಹಿಡಿ ಎತ್ತಿಕೊಳ್ಳುತ್ತದೆ. ಒಂದು ಪೊಟ್ಟಣ ಮಂಡಕ್ಕಿ ಮುಗಿಯುವವರೆಗೆ ಮನೆಮಂದಿಯೆಲ್ಲ ಕೂತಿರಬಹುದು. ಮುಗಿದ ಮೇಲೂ ಏಳಿ ಎನ್ನುವವರಿಲ್ಲ.

ಆ ಮೆಟ್ಟಿಲುಗಳ ಮೇಲೆ ಯಾರು ಯಾರು ಕೂರುತ್ತಾರೆಂದು ಗಮನಿಸುತ್ತಾ ಬಂದಿದ್ದೇನೆ. ಅಂಗಡಿಯ ಲೆಕ್ಕ ಬರೆದು ಸುಸ್ತಾದವರು, ಹಾಸ್ಟೆಲ್ಲಿನ ಹುಡುಗಿಯರು, ಗಂಡನ ಮನೆಗೆ ಹೊಸದಾಗಿ ಬಂದ ಸೊಸೆಯಂದಿರು, ಮೊಮ್ಮಕ್ಕಳನ್ನು ಹಿಡಿದುಕೊಂಡ ಅಜ್ಜಿಯರು. ಹೆಂಗಸರು ಯಾವ ಕೆಲಸವೂ ಕೈಯಲ್ಲಿಲ್ಲದೆ, ಯಾರಿಗೂ ಬಡಿಸದೆ, ಗಂಟೆಗಟ್ಟಲೆ ಕೂತಿರುವುದನ್ನು ನಾನು ಮಲೆನಾಡಿನ ಬೇರಾವ ಸಾರ್ವಜನಿಕ ಜಾಗದಲ್ಲೂ ಇಷ್ಟು ನಿರಾಳವಾಗಿ ಕಂಡಿಲ್ಲ. ಒಮ್ಮೆ ನನ್ನ ಹಿಂದಿನ ಮೆಟ್ಟಿಲಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ಜೊತೆಯವಳಿಗೆ ಹೇಳುತ್ತಿದ್ದರು: "ಹೊಳೆ ಹತ್ರ ಕೂತು ಬರ್ತೀನಿ ಅಂದ್ರೆ ಎಂತಕ್ಕೆ ಅಂತಾರೆ. ದೇವಸ್ಥಾನಕ್ಕೆ ಹೋಗಿ ಬರ್ತೀನಿ ಅಂದ್ರೆ ಯಾರೂ ಎಂತದೂ ಕೇಳೂದಿಲ್ಲ ಮಾರಾಯ್ತಿ." ಅವರ ದನಿಯಲ್ಲಿ ದೂರಿರಲಿಲ್ಲ. ದಾರಿ ಕಂಡುಕೊಂಡವರ ಸಮಾಧಾನವಿತ್ತು. ಭಕ್ತಿ ನಿಜವೇ. ಅದರ ನೆರಳಿನಲ್ಲಿ ಬಿಡುವೂ ಬೆಳೆದಿದೆ.

ಈ ಜಾಗ ಹೀಗೆ ಉಳಿದದ್ದು ಹೇಗೆ? ನನಗೆ ತೋಚುವ ಕಾರಣ ಮೀನಿನಲ್ಲೇ ಇದೆ. ಇಲ್ಲಿ ಮೀನು ಹಿಡಿಯುವಂತಿಲ್ಲ. ದೇವರ ಮೀನು ಎನ್ನುವ ನಂಬಿಕೆ ತಲೆಮಾರುಗಳಿಂದ ನಡೆದು ಬಂದಿದೆ. ಬೇರೆ ಊರುಗಳಲ್ಲಿ ಕೆರೆ ಕಟ್ಟೆಗಳ ಮೀನಿಗೆ ಹರಾಜಾಗುತ್ತದೆ. ಹರಾಜಾದ ನೀರಿಗೆ ಕಾವಲುಗಾರ ಬರುತ್ತಾನೆ, ಕಾವಲುಗಾರ ಬಂದಲ್ಲಿ ಮಕ್ಕಳು ದಡದಿಂದ ದೂರ ಸರಿಯುತ್ತಾರೆ. ಯಾರೂ ಹಿಡಿಯಬಾರದು ಎಂದಾದ ಮೇಲೆ ಯಾರಿಗೂ ಇಲ್ಲಿ ಲಾಭವಿಲ್ಲ, ಯಾರನ್ನೂ ಓಡಿಸುವ ಅಗತ್ಯವೂ ಇಲ್ಲ. ಮೀನಿಗಾಗಿ ಮಾಡಿಕೊಂಡ ಕಟ್ಟಳೆಯೊಂದು ಮನುಷ್ಯರಿಗೂ ಜಾಗ ಉಳಿಸಿಕೊಟ್ಟಿತು. ಬಸವಳಿದ ಕಪ್ಪೆಗೆ ಹೆಡೆ ಬಿಚ್ಚಿ ನೆರಳು ಕೊಟ್ಟ ಹಾವಿನ ಕಥೆಯನ್ನು ಹೇಳುವ ಕಪ್ಪೆ ಶಂಕರನ ಶಿಲ್ಪ ಇದೇ ದಡದಲ್ಲಿದೆ. ಬೇಟೆಯಾಡುವವನೇ ಕಾಯುವವನಾದ ನೆಲ ಎಂದು ಶಂಕರಾಚಾರ್ಯರು ಇಲ್ಲಿ ಪೀಠ ಸ್ಥಾಪಿಸಿದರೆಂಬುದು ಪ್ರತೀತಿ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಕೈಗೆಟುಕುವುದನ್ನು ಹಿಡಿಯದೆ ಬಿಡುವ ಆ ಗುಣ ನದಿಯ ದಡದಲ್ಲಿ ಈಗಲೂ ಕೆಲಸ ಮಾಡುತ್ತಿದೆ.

ಮಳೆಗಾಲದಲ್ಲಿ ಕಪ್ಪೆ ಶಂಕರ ಮುಳುಗುತ್ತದೆ, ಗಾಂಧಿ ಮೈದಾನಕ್ಕೂ ನೀರು ನುಗ್ಗುತ್ತದೆ, ಮೆಟ್ಟಿಲಿಗೆ ಇಳಿಯುವುದಕ್ಕೆ ತಡೆ ಬೀಳುತ್ತದೆ. ಆಗ ಊರಿನವರು ಕೊಡೆ ಹಿಡಿದು ಹೊಳೆ ನೋಡಲು ಹೊರಡುತ್ತಾರೆ. ಕೆಂಪು ನೀರು ಎಲ್ಲಿಯವರೆಗೆ ಬಂತು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಗುರುತಿಲ್ಲದವರೂ ಮಾತಾಡಿಕೊಳ್ಳುತ್ತಾರೆ. ನೆರೆ ನೋಡುವುದು ಮಲೆನಾಡಿನವರ ಹಳೆಯ ವಿಹಾರ. ನಾಲ್ಕು ತಿಂಗಳು ಮನೆಯೊಳಗೆ ಕೂತವರಿಗೆ ಆ ಅರ್ಧ ಗಂಟೆ ಎಷ್ಟು ಬೇಕಾಗಿರುತ್ತದೆಂದು ಇಲ್ಲಿ ಮಳೆಗಾಲ ಕಳೆದವರಿಗೆ ಗೊತ್ತು.

ನರಸಿಂಹರಾಜಪುರದ ಬಯಲನ್ನು ಕೊಡುವುದು ಭದ್ರೆ. ಹಿಂದೆ ಎಡೇಹಳ್ಳಿ ಎನ್ನುತ್ತಿದ್ದ ಊರಿಗೆ 1915ರಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬಂತು. ತರೀಕೆರೆಯಿಂದ ಇಲ್ಲಿಯವರೆಗೆ ಟ್ರಾಂ ಓಡುತ್ತಿದ್ದ ಕಾಲವೊಂದಿತ್ತು. ಆಮೇಲೆ ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ಕೆಲಸ 1947ರಲ್ಲಿ ಶುರುವಾಗಿ 1965ರ ಹೊತ್ತಿಗೆ ಮುಗಿಯಿತು. ಜಲಾಶಯದ ಮಟ್ಟ 186 ಅಡಿ ತಲುಪಿದಾಗ ಹಿನ್ನೀರು ಊರಿನ ಅಂಚಿನವರೆಗೆ ಬಂದು ನಿಲ್ಲುತ್ತದೆ. ಗದ್ದೆ, ಮನೆ, ದೈವದ ಕಲ್ಲು, ದಾರಿ ಎಲ್ಲ ಅದರಡಿ ಹೋದವು.

ಬೇಸಿಗೆಯಲ್ಲಿ ದಾವಣಗೆರೆ ಕಡೆಯ ಭತ್ತಕ್ಕೆ ನಾಲೆಯಲ್ಲಿ ನೀರು ಹರಿಯುತ್ತಿದ್ದಂತೆ ಇಲ್ಲಿ ಹಿನ್ನೀರು ಇಳಿಯುತ್ತದೆ. ದೂರದ ಗದ್ದೆ ಹಸಿರಾದಷ್ಟೂ ನಮ್ಮ ಕಡೆ ಬಯಲು ಹಿಗ್ಗುತ್ತದೆ. ಮೊದಲು ಬಿರುಕುಬಿಟ್ಟ ಕೆಸರು, ಆಮೇಲೆ ಎಳೆ ಹುಲ್ಲು, ನಡುನಡುವೆ ನೀರು ಕೊಳೆಯಿಸಲಾರದೆ ಬಿಟ್ಟ ಹಳೇ ಮರದ ಬೊಡ್ಡೆಗಳು. ದನಗಳು ಬರುತ್ತವೆ, ದನಗಳ ಹಿಂದೆ ಹುಡುಗರು, ಹುಡುಗರ ಹಿಂದೆ ಬ್ಯಾಟು. ರಜೆಯ ಸಂಜೆ ಮನೆಯಿಂದ ಕಟ್ಟಿಕೊಂಡು ಬಂದ ಚಿತ್ರಾನ್ನವನ್ನು ಬಿಚ್ಚಿ ಕೂರುವ ಸಂಸಾರಗಳೂ ಕಾಣುತ್ತವೆ. ಜಲಾಶಯದ ಒಳಗಿನ ನಡುಗಡ್ಡೆಗಳಲ್ಲಿ ಅದೇ ತಿಂಗಳುಗಳಲ್ಲಿ ರೀವ ಹಕ್ಕಿಗಳು ಬರಿಯ ನೆಲದ ಮೇಲೆ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ನೀರು ಏರುವುದರೊಳಗೆ ಮರಿಗೆ ರೆಕ್ಕೆ ಬಲಿಯಬೇಕು. ಈ ನೆಲಕ್ಕೆ ಯಾರೂ ಬೇಲಿ ಹಾಕಲಾರರು, ಮಳೆಗಾಲದ ನೀರು ಬೇಲಿಯನ್ನೂ ನುಂಗುತ್ತದೆ. ಒತ್ತುವರಿ ಮಾಡಲಾಗದ ಜಾಗ ಮಲೆನಾಡಿನಲ್ಲಿ ಇದೊಂದೇ ಇರಬೇಕು ಎಂದು ಎಷ್ಟೋ ಸಲ ಅನ್ನಿಸಿದೆ.

ಆದರೆ ಆ ಹುಲ್ಲಿನ ಮೇಲೆ ಪೂರ್ತಿ ಹಗುರಾಗಿ ಕೂರಲು ನನಗೆ ಆಗುವುದಿಲ್ಲ. ನಾವು ಚಾಪೆ ಹಾಸುವ ನೆಲ ಯಾರದೋ ಗದ್ದೆಯಾಗಿತ್ತು. ಅವರು ಊರು ಬಿಟ್ಟು ಹೋದದ್ದರಿಂದ ಈ ಬಯಲು ಎಲ್ಲರದೂ ಆಯಿತು. ಬಿಟ್ಟಿಯಾಗಿ ಸಿಕ್ಕ ಜಾಗದ ಬೆಲೆಯನ್ನು ಬೇರೆ ಯಾರೋ ತೆತ್ತಿದ್ದಾರೆ ಎನ್ನುವುದನ್ನು ಅಲ್ಲಿ ಆಡುವ ಮಕ್ಕಳಿಗೆ ಹೇಳಬೇಕು. ಸಂತೋಷ ಕೆಡಿಸಲೆಂದಲ್ಲ, ಪ್ಲಾಸ್ಟಿಕ್ ಬಿಸಾಡುವ ಮುನ್ನ ಕೈ ತಡೆಯಲಿ ಎಂದು. ಇನ್ನೊಂದು ಎಚ್ಚರವೂ ಬೇಕು. ಹಿನ್ನೀರಿನ ಕೆಸರು ಕಾಲು ಹಿಡಿಯುತ್ತದೆ, ಆಳ ಹೊರಗೆ ಕಾಣುವುದಿಲ್ಲ. ಆಚೆ ದಡದ ಭದ್ರಾ ಅಭಯಾರಣ್ಯದಿಂದ ಆನೆಗಳು ನೀರು ದಾಟಿ ಬರುತ್ತವೆ. ಕತ್ತಲಾಗುವ ಮೊದಲೇ ಎದ್ದು ಬರುವುದು ಅಲ್ಲಿಯ ರೂಢಿ, ಅದು ಒಳ್ಳೆಯ ರೂಢಿ.

ಉಳಿದದ್ದು ಕೊಪ್ಪ. ತುಂಗೆ ಒಂದು ಕಡೆ, ಭದ್ರೆ ಇನ್ನೊಂದು ಕಡೆ, ನಡುವಿನ ಏರಿನಲ್ಲಿ ಪೇಟೆ. ಹೊಳೆ ಬೇಕೆಂದರೆ ಹರಿಹರಪುರಕ್ಕೋ ಬಾಳೆಹೊನ್ನೂರಿಗೋ ಹೋಗಬೇಕು. ಈ ಊರಿಗೆ ಬಯಲು ಕೊಡುತ್ತಿದ್ದದ್ದು ಗದ್ದೆ. ಕೊಯ್ಲು ಮುಗಿದು, ಹುಲ್ಲು ಬಣವೆ ಸೇರಿದ ಮೇಲೆ ಮುಂದಿನ ಮಳೆಯವರೆಗೆ ಗದ್ದೆ ಎಲ್ಲರದೂ ಆಗುತ್ತಿತ್ತು. ಎರಡು ಅಂಚು ಕಡಿದು, ಕೂಳೆ ಕೆತ್ತಿ, ನೀರು ಚಿಮುಕಿಸಿ ತುಳಿದರೆ ಕ್ರಿಕೆಟ್ಟಿನ ಪಿಚ್ಚು ಸಿದ್ಧ, ಅಡಿಕೆ ದಬ್ಬೆಯ ವಿಕೆಟ್ಟು. ಸಂಜೆ ವಾಲಿಬಾಲ್, ರಾತ್ರಿ ಮೇಳ ಬಂದರೆ ಅದೇ ಗದ್ದೆಯಲ್ಲಿ ಯಕ್ಷಗಾನ. ಗದ್ದೆಯ ಯಜಮಾನರು ಬಯ್ಯುತ್ತಿದ್ದರು, "ಅಂಚು ಹಾಳು ಮಾಡ್ಬೇಡ್ರೋ." ಬಯ್ದು ಅವರೂ ಆಟ ನೋಡುತ್ತಾ ನಿಲ್ಲುತ್ತಿದ್ದರು. ಹೆಸರು ಅವರದು, ಆರು ತಿಂಗಳು ಬಳಕೆ ಊರಿನದು. ಬರೆದಿಟ್ಟ ಕರಾರು ಯಾವುದೂ ಇರಲಿಲ್ಲ.

ಆ ಗದ್ದೆಗಳಲ್ಲಿ ಈಗ ಅಡಿಕೆ ಸಸಿ ಎದ್ದಿದೆ. ಹಳೇ ತೋಟಗಳನ್ನು ಹಳದಿ ಎಲೆ ರೋಗ ತಿಂದಿತು, ಭತ್ತಕ್ಕೆ ಆಳು ಸಿಗಲಿಲ್ಲ, ಬೆಳೆದದ್ದು ಖರ್ಚಿಗೂ ಸಾಲಲಿಲ್ಲ. ಗದ್ದೆಯನ್ನು ತೋಟ ಮಾಡಿದವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಗದ್ದೆ ತೋಟವಾದಾಗ ಊರು ಕಳೆದುಕೊಂಡದ್ದು ಅಕ್ಕಿಯನ್ನು ಮಾತ್ರ ಅಲ್ಲ. ತೋಟಕ್ಕೆ ಖಾಲಿ ಕಾಲವೆಂಬುದಿಲ್ಲ, ವರ್ಷವಿಡೀ ಬೇಲಿ. ಆ ಬಯಲು ಹೋದದ್ದು ಯಾವ ಪಹಣಿಯಲ್ಲೂ ದಾಖಲಾಗಲಿಲ್ಲ, ಏಕೆಂದರೆ ಇದ್ದದ್ದೂ ದಾಖಲಾಗಿರಲಿಲ್ಲ. ನಷ್ಟ ಗೊತ್ತಾದದ್ದು ಸಂಜೆ ಹೊತ್ತು ಅಂಗಡಿಯ ಮೆಟ್ಟಿಲ ಮೇಲೆ ಮೊಬೈಲು ಹಿಡಿದು ಕೂತ ಹುಡುಗರನ್ನು ಕಂಡಾಗ.

ಕೊಪ್ಪದಿಂದ ದೂರವಲ್ಲದ ಕುಪ್ಪಳಿಯ ಕವಿಶೈಲಕ್ಕೆ ಹೋದಾಗಲೂ ನನಗೆ ಇದೇ ಯೋಚನೆ. ಕುವೆಂಪು ಹುಟ್ಟಿದ್ದು 1904ರಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯಿಮನೆಯಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ. ಮನೆಯ ಹಿಂದಿನ ಗುಡ್ಡದ ಬಂಡೆಯ ಮೇಲೆ ಅವರು ಕೂರುತ್ತಿದ್ದರು. ಹಿರಿಯ ಸಾಹಿತಿಗಳಾದ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯನವರೂ ಅಲ್ಲಿಗೆ ಬಂದಿದ್ದರು. ಕವಿಯ ಕಾರಣಕ್ಕೆ ಆ ಬಂಡೆ ಉಳಿಯಿತು. ಕವಿಯಾಗದ, ಆದರೂ ಕಲ್ಲಿನ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡಬೇಕೆನಿಸುವ ಸಾವಿರ ಜನಕ್ಕೆ ಅವರವರ ಊರಿನಲ್ಲೇ ಒಂದೊಂದು ಬಂಡೆ ಉಳಿಸಿಕೊಡುವವರು ಯಾರು?

ಒಂದು ಕಾಲಕ್ಕೆ ಇದಕ್ಕೆ ಬಸ್ಸು ಸ್ವಲ್ಪ ಉತ್ತರವಾಗಿತ್ತು. ಮುಚ್ಚಿಹೋದ ಸಾರಿಗೆ ಕಂಪನಿಯೊಂದರ ಕಾರ್ಮಿಕರು 1991ರಲ್ಲಿ ತಾವೇ ಕಟ್ಟಿಕೊಂಡ ಸಹಕಾರ ಸಾರಿಗೆಯ ಬಸ್ಸುಗಳು ಕೊಪ್ಪದಿಂದ ಸುತ್ತಲ ಹಳ್ಳಿಗಳಿಗೆಲ್ಲ ಓಡುತ್ತಿದ್ದವು. ಸಂಜೆ ಹರಿಹರಪುರಕ್ಕೆ ಹೋಗಿ ಹೊಳೆ ಬದಿ ಕೂತು ಕೊನೆಯ ಬಸ್ಸಿಗೆ ಮರಳುವುದು ಬಡವರಿಗೂ ಆಗುತ್ತಿತ್ತು. 2020ರಲ್ಲಿ ಆ ಬಸ್ಸುಗಳು ನಿಂತವು. ಸ್ವಂತ ಗಾಡಿಯಿಲ್ಲದವರಿಗೆ ಹೊಳೆ ಅಷ್ಟು ದೂರವಾಯಿತು.

ಹೀಗಾಗಿ ಕೊಪ್ಪಕ್ಕೆ ಉಳಿದ ಬಯಲೆಂದರೆ ಶಾಲಾ ಕಾಲೇಜುಗಳ ಮೈದಾನಗಳೇ. ಅಂಥ ಕಡೆ ಶಾಲೆ ಬಿಟ್ಟ ಮೇಲೆ ಗೇಟಿಗೆ ಬೀಗ ಬಿದ್ದರೆ ಊರಿಗೆ ಬೇರೆ ಅಂಗಳವಿಲ್ಲ. ಬೀಗ ಹಾಕುವವರಿಗೂ ಅವರದೇ ಭಯಗಳಿವೆ, ಬಾಟಲಿ ಒಡೆಯುತ್ತಾರೆ, ಗೋಡೆ ಕೆಡಿಸುತ್ತಾರೆ ಎಂದು. ಅದಕ್ಕೆ ಮದ್ದು ಇನ್ನೂ ಹೆಚ್ಚು ಜನ ಬರುವುದೇ ಎಂದು ನಾನು ನಂಬುತ್ತೇನೆ. ಶೃಂಗೇರಿಯ ಮೆಟ್ಟಿಲಲ್ಲಿ ಅಜ್ಜಿಯರು ಕೂತಿರುವುದರಿಂದಲೇ ಹುಡುಗಿಯರೂ ನಿಶ್ಚಿಂತೆಯಿಂದ ಕೂರುತ್ತಾರೆ. ಪಟ್ಟಣ ಪಂಚಾಯಿತಿಗಳು ಉದ್ಯಾನವೆಂದರೆ ಕಬ್ಬಿಣದ ಬೇಲಿ, ಕಾರಂಜಿ, ಟಿಕೆಟ್ಟು ಎಂದು ಯೋಚಿಸುವ ಮೊದಲು ಇರುವ ಮೈದಾನವೊಂದರ ಅಂಚಿಗೆ ಹಲಸಿನ ಮರದ ಕೆಳಗೆ ಒಂದು ಕಲ್ಲು ಕಟ್ಟೆ, ಎರಡು ದೀಪ, ಹೆಂಗಸರು ಧೈರ್ಯವಾಗಿ ಬಳಸುವಂಥ ಒಂದು ಶೌಚಾಲಯ ಕೊಡಲಿ. ಶೌಚಾಲಯದ ಮಾತು ಸಣ್ಣದೆನಿಸಬಹುದು. ಹೆಂಗಸರು ಹೊರಗೆ ಅರ್ಧ ಗಂಟೆ ಕೂರುತ್ತಾರೋ ಎರಡು ಗಂಟೆ ಕೂರುತ್ತಾರೋ ಎಂಬುದು ನಿರ್ಧಾರವಾಗುವುದು ಅಲ್ಲಿಯೇ. ಗೇಟು ಸಂಜೆ ಏಳರವರೆಗೆ ತೆರೆದಿರಲಿ. ಮಳೆ ಬಿಟ್ಟ ಮೇಲೆ, ಅಕ್ಟೋಬರಿನಿಂದ ಶುರು ಮಾಡಿದರೂ ಸಾಕು.