ಅಂಟು ಒಣಗುವವರೆಗೆ

ಶನಿವಾರ ಸಂಜೆಯಿಂದ ನಮ್ಮ ಜಗಲಿಯ ಪಕ್ಕಾಸಿನಲ್ಲಿ ಎರಡು ಚಕ್ರಗಳು ತೂಗುತ್ತಿವೆ. ಕೆಳಗೆ ಅಡಿಕೆಯ ಗೋಣಿ, ಪಕ್ಕದಲ್ಲಿ ಅಮ್ಮನ ಹಲಸಿನ ಹಪ್ಪಳದ ಡಬ್ಬ. ರಿಮ್ಮಿಗೆ ಹಚ್ಚಿದ ಅಂಟಿನ ಮೊದಲ ಕೋಟು ಒಣಗಬೇಕು. ಆಮೇಲೆ ಎರಡನೆಯದು, ಅದಕ್ಕೊಂದು ರಾತ್ರಿ. ಟೈರಿನ ಅಡಿಯ ಬಟ್ಟೆಪಟ್ಟಿಗೂ ಹಾಗೆಯೇ. ಕೊನೆಗೆ ರಿಮ್ಮಿಗೆ ಇನ್ನೊಂದು ತೆಳು ಕೋಟು ಎಳೆದು, ಅದು ಹಸಿಯಿರುವಾಗಲೇ ಟೈರು ಕೂರಿಸಬೇಕು. ಕೂರಿಸಿದ ಮೇಲೆ ಒಂದು ಹಗಲು, ಒಂದು ರಾತ್ರಿ ಮುಟ್ಟಬಾರದು. ಮಳೆ ಬಿಟ್ಟಿದೆ, ಆದರೆ ಗಾಳಿಯಲ್ಲಿ ಪಸೆ ಇನ್ನೂ ಉಂಟು. ಹಾಗಾಗಿ ನಾನು ಹೇಳಿದ ಲೆಕ್ಕಕ್ಕಿಂತ ಅರ್ಧ ದಿನ ಹೆಚ್ಚೇ ಬಿಡುತ್ತೇನೆ.

ಇದು ಗೋವಾಕ್ಕೆ ಹೊರಟವನ ತಯಾರಿ. ಅಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3 ಸ್ಪರ್ಧೆಯಲ್ಲಿ ಕಡಲಲ್ಲಿ 1.9 ಕಿಲೋಮೀಟರ್ ಈಜಬೇಕು, 90 ಕಿಲೋಮೀಟರ್ ಸೈಕಲ್ ತುಳಿಯಬೇಕು, ಇಳಿದು 21.1 ಕಿಲೋಮೀಟರ್ ಓಡಬೇಕು. ಈಜಿಗೆ ಕುಂಬಳೆಯ ಕಡಲಿದೆ. ಓಟಕ್ಕೆ ನಮ್ಮೂರು ಅನಂತಪುರದ ಮುರಕಲ್ಲಿನ ಪದವಿದೆ. ಹೊರಗಿನವರಿಗೆ ನಮ್ಮೂರೆಂದರೆ ಕೆರೆಯ ನಡುವಿನ ದೇವಸ್ಥಾನ, 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೊಸಳೆ ಬಬಿಯಾ. ನನಗೆ ಮಾತ್ರ ಈ ಊರೆಂದರೆ ನಾಯ್ಕಾಪಿನಿಂದ ಮೇಲೇರುವ ದಾರಿ. ಮುಂಜಾವದಲ್ಲಿ ಅದನ್ನು ಹತ್ತುವಾಗ ಟೈರಿನ ಕೆಳಗೆ ಕೆಂಪು ಹರಳುಗಳು ಮಾಡುವ ಸದ್ದು ಕಿವಿಯಲ್ಲೇ ಇರುತ್ತದೆ.

ಚಕ್ರಗಳು ನನ್ನ ಕೈಗೆ ಬಂದದ್ದು ಸೆಕೆಂಡ್ ಹ್ಯಾಂಡಿನಲ್ಲಿ. ಅವುಗಳ ರಿಮ್ಮಿಗೆ ಅಂಚಿನ ಕೊಕ್ಕೆಯಿಲ್ಲ, ಬಟ್ಟಲಿನ ಹಾಗೆ ಸ್ವಲ್ಪ ತಗ್ಗಿರುವ ನುಣುಪು ಹಾಸು ಅಷ್ಟೆ. ಇಂಥದ್ದಕ್ಕೆ ಟ್ಯೂಬ್ಯುಲರ್ ಟೈರೇ ಆಗಬೇಕು. ಟ್ಯೂಬನ್ನು ಒಳಗಿಟ್ಟು, ಹತ್ತಿಯ ಬಟ್ಟೆಯನ್ನು ಸುತ್ತಿ, ಉದ್ದಕ್ಕೂ ಹೊಲಿದು ಮುಚ್ಚಿದ ಕೊಳವೆ ಅದು. ಮೇಲೆ ನೆಲಕ್ಕೆ ತಾಗುವಲ್ಲಿ ರಬ್ಬರಿನ ಪಟ್ಟಿ, ಅಡಿಗೆ ಹೊಲಿಗೆ ಮುಚ್ಚುವ ಬಟ್ಟೆ. ರಿಮ್ಮಿಗೂ ಅದಕ್ಕೂ ಇರುವ ಸಂಬಂಧ ಅಂಟಿನದು ಮಾತ್ರ.

ಹೋದ ವರ್ಷ ಹಳೆಯದೊಂದು ಟೈರಿಗೆ ಮೊಳೆ ಹೊಕ್ಕಿತು. ಅಡಿಯ ಪಟ್ಟಿ ಎಬ್ಬಿಸಿ, ಒಂದು ಗೇಣು ಹೊಲಿಗೆ ಬಿಚ್ಚಿ, ಟ್ಯೂಬು ಎಳೆದು ಪ್ಯಾಚ್ ಹಾಕಿದೆ. ಮತ್ತೆ ಹೊಲಿಯಲು ಕೂತಾಗ ನನ್ನ ಕೈ ಓಡಲಿಲ್ಲ. ಅಮ್ಮ ಬಂದು ನೋಡಿದರು. "ಹಾಸಿಗೆ ಹೊಲಿದ ಹಾಗೇ ಅಲ್ವಾ ಇದು, ಕೊಡು ಇಲ್ಲಿ" ಎಂದು ಚಿಕ್ಕ ದಬ್ಬಣ ತಂದು, ಮೊದಲಿದ್ದ ತೂತುಗಳಲ್ಲೇ ನೂಲು ದಾಟಿಸುತ್ತ ಹೋದರು. ಬಟ್ಟೆಯ ಎರಡು ಅಂಚು ಕೂಡುವಲ್ಲಿ ಎಡಬೆರಳಿನಿಂದ ಟ್ಯೂಬನ್ನು ಒಳಗೆ ಒತ್ತಿ ಹಿಡಿಯುತ್ತಿದ್ದರು, ಸೂಜಿ ತಾಗದಂತೆ. ಅದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಆ ಟೈರು ಇನ್ನೂ ನನ್ನ ಅಭ್ಯಾಸದ ಚಕ್ರದಲ್ಲಿ ಓಡುತ್ತಿದೆ.

ಈಗ ಜಗಲಿಯ ಮೇಜಿನ ಮೇಲೆ ಎರಡು ಬಗೆಯ ಹೊಸ ಟೈರುಗಳಿವೆ. ಒಂದು ಗಡಿಯಾರದ ಎದುರು ಒಂಟಿಯಾಗಿ ಓಡುವವರಿಗೆಂದೇ ಮಾಡಿದ್ದು. ಮೇಲಿನ ರಬ್ಬರು ಬಹಳ ತೆಳು, ಮುಳ್ಳುಮೊಳೆ ತಡೆಯುವ ಪದರ ಅದರೊಳಗಿಲ್ಲ. ಇನ್ನೊಂದಕ್ಕೆ ಆ ಪದರ ಉಂಟು, ಅಷ್ಟೇ ಭಾರ ಹೆಚ್ಚು, ಅಷ್ಟೇ ಬಿಗಿ ಹೆಚ್ಚು. ಯಾವುದು ಎಂಬ ಪ್ರಶ್ನೆಯೇ ಕೆಲವು ದಿನಗಳಿಂದ ನನ್ನ ತಲೆಯಲ್ಲಿದೆ.

ಬಹಳ ಕಾಲ ನಾನೂ ನಂಬಿದ್ದು ಗಟ್ಟಿಯಾದದ್ದೇ ಬೇಗ ಓಡುತ್ತದೆ ಎಂದು. ಎಲ್ಲರೂ ಹಾಗೇ ಹೇಳುತ್ತಿದ್ದರು. 21 ಮಿಲಿಮೀಟರ್ ಅಗಲದ ಟೈರಿಗೆ ಪಂಪಿನ ಮುಳ್ಳು 140 ಪಿಎಸ್‌ಐ ದಾಟುವವರೆಗೆ ಗಾಳಿ ಹೊಡೆದು, ಹಲ್ಲು ಕಟಕಟಿಸುವಂತೆ ಹೋಗುತ್ತಿದ್ದೆವು. ನಿಜ ಬೇರೆಯೇ. ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗುತ್ತದೆ, ದಾಟಿದೊಡನೆ ಮತ್ತೆ ಗುಂಡಗಾಗುತ್ತದೆ. ಬಗ್ಗುವಾಗ ತೆಗೆದುಕೊಂಡ ಶಕ್ತಿಯನ್ನೆಲ್ಲ ಎದ್ದುಕೊಳ್ಳುವಾಗ ಅದು ಹಿಂದಿರುಗಿಸುವುದಿಲ್ಲ. ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಬಟ್ಟೆ ದಪ್ಪವಿದ್ದಷ್ಟೂ, ರಬ್ಬರು ಮೊಂಡಾಗಿದ್ದಷ್ಟೂ ಈ ನಷ್ಟ ಜಾಸ್ತಿ. ಅದಕ್ಕೇ ಒಳ್ಳೆಯ ರೇಸ್ ಟೈರಿನ ಹತ್ತಿಬಟ್ಟೆಯಲ್ಲಿ ಇಂಚಿಗೆ 320 ಎಳೆ ಎಂದು ಲೆಕ್ಕ ಕೊಡುತ್ತಾರೆ, ಪೇಟೆ ಸೈಕಲ್ಲಿನ ಟೈರಿನಲ್ಲಿ 60ರ ಆಸುಪಾಸು. ಇನ್ನು ಗಾಳಿ ಅತಿಯಾದರೆ ಪ್ರತಿಯೊಂದು ಹರಳಿಗೂ ಸೈಕಲ್ಲು, ಸವಾರ ಇಬ್ಬರೂ ಮೇಲಕ್ಕೆ ಎಗರುತ್ತಾರೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಮೇಲಕ್ಕೆ ಹೋಗುತ್ತದೆ. ಹರಳನ್ನು ತನ್ನೊಳಗೆ ತೆಗೆದುಕೊಂಡು ಸುಮ್ಮನೆ ದಾಟುವ ಟೈರೇ ವೇಗದ ಟೈರು. ಹಾಗಾಗಿ ಈಗ 25 ಮಿಲಿಮೀಟರ್ ಅಗಲಕ್ಕೆ ಬಂದಿದ್ದೇನೆ, ಮುಳ್ಳು 95ರಲ್ಲಿ ನಿಲ್ಲುತ್ತದೆ.

ಲೆಕ್ಕ ಹಾಕಿ ನೋಡಿದ್ದೇನೆ. ನಾನು, ಸೈಕಲ್ಲು ಸೇರಿ 80 ಕಿಲೋ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ, ಉರುಳುವಾಗಿನ ರೋಧದ ಗುಣಾಂಕ 0.004 ಇರುವ ಟೈರುಗಳು ಸುಮಾರು 26 ವ್ಯಾಟ್ ತಿನ್ನುತ್ತವೆ. ಅದು 0.003ಕ್ಕೆ ಇಳಿದರೆ 20ಕ್ಕೆ ಬರುತ್ತದೆ. ಮೂರು ಗಂಟೆಯ ಸವಾರಿಯಲ್ಲಿ ಇದರಿಂದ ಉಳಿಯುವುದು ಮೂರು ನಿಮಿಷದ ಸುತ್ತುಮುತ್ತ. ಮೂರು ನಿಮಿಷಕ್ಕೆ ಇಷ್ಟೆಲ್ಲಾ ಯಾಕೆ ಎಂದು ಮನೆಯವಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಮೂರು ನಿಮಿಷ ನನ್ನ ಕಾಲಿನ ಬಲದಿಂದ ಬಂದದ್ದಲ್ಲ. ಹತ್ತಿ ನೂತವರು, ಹೊಲಿದವರು, ಹಾಲು ಇಳಿಸಿದವರು ಕೊಟ್ಟದ್ದು. ಅದನ್ನು ದಾರಿಯಲ್ಲಿ ಬಿಸಿಯಾಗಿ ಕಳೆದುಬಿಡಲು ಮನಸ್ಸು ಬರುವುದಿಲ್ಲ.

ಹಾಲು ಎಂದೆ. ಈ ಟೈರಿನ ಒಳಟ್ಯೂಬು ಸಾಮಾನ್ಯ ಬ್ಯೂಟೈಲ್ ಅಲ್ಲ, ಲೇಟೆಕ್ಸ್. ನಮ್ಮ ಬೇಲಿಯಾಚೆ ಟ್ಯಾಪಿಂಗ್ ಮಾಡುವ ಅಣ್ಣ ದಿನಾ ಇಳಿಸುವಂಥದ್ದೇ ರಬ್ಬರ್ ಹಾಲು. ಬೆಳಕು ಹರಿಯುವ ಮೊದಲು ಹಣೆಗೆ ಲೈಟು ಕಟ್ಟಿಕೊಂಡು ಹೋಗುತ್ತಾನೆ. ತಂಪು ಹೊತ್ತಿನಲ್ಲಿ ಮರದೊಳಗಿನ ಒತ್ತಡ ಹೆಚ್ಚಿರುತ್ತದೆ, ಹಾಲು ಚೆನ್ನಾಗಿ ಇಳಿಯುತ್ತದೆ. ಕತ್ತಿಯನ್ನು ಓರೆಯಾಗಿ ಎಳೆದರೆ ತೊಗಟೆ ಒಂದೂವರೆ ಮಿಲಿಮೀಟರಿಗಿಂತ ದಪ್ಪ ಬರಬಾರದು. ಒಳಗಿನ ಮರಕ್ಕೆ ತಾಗಿದರೆ ಅಲ್ಲಿ ಗಂಟು ಕಟ್ಟುತ್ತದೆ, ಮುಂದೆ ಆ ಜಾಗದಲ್ಲಿ ಕತ್ತಿ ಸರಿಯಾಗಿ ಓಡದು. ಅವನ ಕತ್ತಿಯಿಂದ ಬಿದ್ದ ಸಿಪ್ಪೆಯನ್ನು ಒಮ್ಮೆ ಎತ್ತಿ ನೋಡಿದ್ದೆ, ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪ.

ಭಾನುವಾರ ಅವನು ಜಗಲಿಗೆ ಬಂದಿದ್ದಾಗ ಬಿಚ್ಚಿಟ್ಟಿದ್ದ ಹಳೆ ಟ್ಯೂಬಿನ ತುಂಡನ್ನು ಬೆರಳಲ್ಲಿ ಎಳೆದು ನೋಡಿದ.

"ಮಾಷ್ಟ್ರೇ, ಗ್ಲೌಸಿನಷ್ಟೇ ತೆಳು ಉಂಟಲ್ಲಾ. ಗಾಳಿ ನಿಲ್ತದಾ ಇದರಲ್ಲಿ?"

"ನಿಲ್ಲುವುದಿಲ್ಲ. ರಾತ್ರಿ ಹೊಡೆದದ್ದು ಬೆಳಗ್ಗೆ ಇಳಿದಿರ್ತದೆ."

"ಹಾಗಾದ್ರೆ ದಿನಾ ಬೆಳಗ್ಗೆ ಅದರ ಹತ್ತಿರ ಬರ್ಬೇಕು. ಮರದ ಹಾಗೇ."

ಅಂಟಿನ ವಿಷಯದಲ್ಲಿ ನನಗೆ ಹೆದರಿಕೆ ಉಂಟು. ಮರೆಮಾಚುವುದಿಲ್ಲ. 2003ರ ಜುಲೈ 14ರಂದು ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಗಾಪ್ ಪಟ್ಟಣಕ್ಕೆ ಇಳಿಯುವ ದಾರಿಯಲ್ಲಿ ಸ್ಪೇನಿನ ಹೊಸೆಬಾ ಬೆಲೋಕಿ ಬಿದ್ದ. ಬಿಸಿಲಿಗೆ ಡಾಂಬರು ಕರಗಿತ್ತು. ಹಿಂದಿನ ಚಕ್ರ ಜಾರಿತು, ಟೈರು ರಿಮ್ಮಿನಿಂದ ಕಳಚಿತು. ತೊಡೆಯೆಲುಬು, ಮೊಣಕೈ, ಮಣಿಕಟ್ಟು ಮುರಿದವು. ಬೆನ್ನಿಗೇ ಇದ್ದ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ತಪ್ಪಿಸಿಕೊಳ್ಳಲು ಪಕ್ಕದ ಹೊಲಕ್ಕೆ ಇಳಿದು, ಅಡ್ಡ ದಾಟಿ ಕೆಳಗಿನ ತಿರುವಿನಲ್ಲಿ ರಸ್ತೆಗೆ ಬಂದ. ಆ ದೃಶ್ಯ ನೋಡಿದವರು ಸಾಮಾನ್ಯವಾಗಿ ಆ ಹೊಲದ ಸವಾರಿಯನ್ನೇ ನೆನೆಯುತ್ತಾರೆ. ನನಗೆ ನೆನಪಿರುವುದು ನೆಲದಲ್ಲಿ ಬಿದ್ದವನ ಕೂಗು.

ಹಾಗಾಗಿ ಅಂಟಿನಲ್ಲಿ ಅವಸರ ಮಾಡುವುದಿಲ್ಲ. ಮೆತ್ತಗಿನ ಅಂಟು ದಪ್ಪವಾಗಿ ಕೂತರೆ ಟೈರು ಅದರ ಮೇಲೆ ಒಂಚೂರು ಅಲುಗುತ್ತಲೇ ಇರುತ್ತದೆ. ಆ ಅಲುಗಾಟವೂ ಶಕ್ತಿ ತಿನ್ನುತ್ತದೆ. ಅದಕ್ಕೇ ವೆಲೋಡ್ರೋಮಿನ ಸೈಕಲ್ ಟ್ರ್ಯಾಕಿನಲ್ಲಿ ಓಡುವವರು ಒಂದು ಕಾಲದಲ್ಲಿ ಷೆಲ್ಲಾಕ್ ಬಳಸುತ್ತಿದ್ದರು. ಅದು ನಮ್ಮ ಅರಗೇ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ, ಮರದ ಕೊಂಬೆಯಲ್ಲಿ ಸಣ್ಣ ಕೀಟಗಳು ಸುರಿಸುವ ಅರಗು. ಒಣಗಿದರೆ ಕಲ್ಲು, ಟೈರು ಅಲುಗುವ ಮಾತಿಲ್ಲ. ಆದರೆ ಬಿಸಿಲಿಗೂ ಹೊಂಡಕ್ಕೂ ಒಡ್ಡುವ ರಸ್ತೆಗೆ ಅದನ್ನು ನಂಬುವುದು ಸರಿಯಲ್ಲ. ರಸ್ತೆಗೆ ಮೆತ್ತಗಿನ ಅಂಟೇ, ಆದರೆ ತೆಳುವಾಗಿ, ಪದರ ಪದರವಾಗಿ. ಇಲ್ಲೇ ಕೆರೆಯ ನಡುವಿನ ಗುಡಿಯ ಮೂಲ ವಿಗ್ರಹ ಲೋಹದ್ದಲ್ಲ, ಕಲ್ಲಿನದ್ದಲ್ಲ, ಕಡುಶರ್ಕರ ಪಾಕದ್ದು ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಹಲವು ವಸ್ತುಗಳನ್ನು ಅರೆದು, ಪಾಕ ಮಾಡಿ, ಒಂದು ಒಣಗಿದ ಮೇಲೆ ಇನ್ನೊಂದು ಹಚ್ಚಿ ಬೆಳೆಸುವ ಮೂರ್ತಿ. ರಿಮ್ಮಿನ ಮುಂದೆ ಕೂತು ಹಳೆ ಟೂತ್‌ಬ್ರಷ್ಷಿನಲ್ಲಿ ಅಂಟು ಎಳೆಯುವಾಗ ಆ ಕೈಗಳ ನೆನಪಾಗುತ್ತದೆ. ಕೊನೆಯ ಪದರ ಎಷ್ಟೇ ಚೆನ್ನಾಗಿರಲಿ, ಮೊದಲನೆಯದು ಹಸಿಯಿದ್ದರೆ ಪ್ರಯೋಜನವಿಲ್ಲ.

ಈಗ ಪೇಟೆಯಲ್ಲಿ ಎಲ್ಲರೂ ಟ್ಯೂಬ್‌ಲೆಸ್ ಕಡೆ ಹೋಗಿದ್ದಾರೆ. ಅದು ವೇಗದ್ದೇ, ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ ಕೂಡ. ಹೊಸ ಚಕ್ರ ಕೊಳ್ಳುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ನನ್ನಲ್ಲಿ ಇರುವುದು ಈ ಚಕ್ರಗಳು. ಗಾಳಿ ಹೋದರೂ ರಿಮ್ಮಿನ ಮೇಲೆ ಕೂತೇ ಇರುವ ಟೈರಿನ ಒಳ್ಳೆಯತನ ನನಗೆ ಸಾಕು.

ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಹುಡುಗರಿಗೆ ಜಾಲಿಮುಳ್ಳಿನ ಕಾಟ. ನಮಗೆ ಮುರಕಲ್ಲಿನ ಚೂರು, ತಲಪಾಡಿಯಿಂದ ಚೆಂಗಳದವರೆಗೆ ಷಟ್ಪಥ ಮಾಡುವಾಗ ಸರ್ವಿಸ್ ರಸ್ತೆಗೆ ಉದುರಿದ ತಂತಿಯ ತುಂಡು. ಮುಂದಿನ ಚಕ್ರ ಮಲಗಿದ್ದ ತಂತಿಯನ್ನು ಎಬ್ಬಿಸುತ್ತದೆ, ಹಿಂದಿನದು ಅದನ್ನು ಚುಚ್ಚಿಸಿಕೊಳ್ಳುತ್ತದೆ. ಭಾರವೂ ಹಿಂದೆಯೇ ಹೆಚ್ಚು. ಇದನ್ನೆಲ್ಲ ಯೋಚಿಸಿ ಹಿಂದಕ್ಕೆ ಪದರವಿರುವ ಟೈರು, ಮುಂದಕ್ಕೆ ತೆಳುವಿನದು ಎಂದು ಗೊತ್ತುಮಾಡಿದೆ. ಎರಡೂ ತೆಳುವೇ ಹಾಕಿದ್ದರೆ ಇನ್ನೂ ಕೆಲವು ಸೆಕೆಂಡು ಸಿಗುತ್ತಿತ್ತು. ಆ ಸೆಕೆಂಡುಗಳನ್ನು ಬಿಟ್ಟುಕೊಟ್ಟೆ. ದಾರಿಬದಿಯಲ್ಲಿ ಸೈಕಲ್ ಮಗುಚಿ ಕೂತು, ಹೋಗುವವರನ್ನು ನೋಡುತ್ತ ಕಳೆಯುವ ಗಂಟೆ ನನಗೆ ಬೇಡ.

ಸೋಮವಾರ ಶಾಲೆಯಿಂದ ಬಂದು ಟೈರು ಕೂರಿಸಿದೆ. ವಾಲ್ವನ್ನು ತೂತಿಗಿಳಿಸಿ, ಚಕ್ರವನ್ನು ಪಾದದ ಮೇಲೆ ನಿಲ್ಲಿಸಿ, ಎರಡೂ ಕೈಯಿಂದ ಕೆಳಕ್ಕೆ ಎಳೆಯುತ್ತ ಬಂದು, ಕೊನೆಯ ಗೇಣನ್ನು ಹೆಬ್ಬೆರಳಿನಿಂದ ಎತ್ತಿ ಒಳಹಾಕಿದೆ. ಸ್ವಲ್ಪ ಗಾಳಿ ಹೊಡೆದು, ಚಕ್ರ ತಿರುಗಿಸಿ, ಓರೆಯಾದಲ್ಲಿ ಸರಿಮಾಡಿದೆ. ಕೈಯಲ್ಲಿ ಅಂಟಿನ ಕಂದು ಕಲೆ ಇನ್ನೂ ಹೋಗಿಲ್ಲ.

ಇವತ್ತು ಬುಧವಾರ, ಬೆಳಗ್ಗೆ ನಾಲ್ಕೂವರೆ. ಮುಂದಿನ ಚಕ್ರದ ಟೈರನ್ನು ಎರಡು ಹೆಬ್ಬೆರಳಿನಿಂದ ಪಕ್ಕಕ್ಕೆ ನೂಕಿ ನೋಡಿದೆ, ಸುತ್ತಲೂ, ಒಂದೊಂದು ಇಂಚು. ಅಂಚು ಎಲ್ಲೂ ಏಳಲಿಲ್ಲ. ರಾತ್ರಿ ಹೊಡೆದ ಗಾಳಿ ಇಳಿದಿತ್ತು. ಪಂಪು ಹಚ್ಚಿದೆ. ಬೇಲಿಯಾಚೆ ಮರಗಳ ನಡುವೆ ಹಣೆಯ ಲೈಟು ಒಂದು ಮರದಲ್ಲಿ ನಿಂತು, ಇನ್ನೊಂದಕ್ಕೆ ಸರಿಯುತ್ತಿತ್ತು. 80, 85, 90. ಮುಳ್ಳು 95ಕ್ಕೆ ಬಂದಾಗ ಕೈ ನಿಲ್ಲಿಸಿದೆ.