ಸೆಖೆಗೆ ಸಾಕ್ಷಿ ಯಾರು?

ದೆಹಲಿಯ ಜೂನ್ ತಿಂಗಳ ಬಗ್ಗೆ ಇಲ್ಲಿನ ಕನ್ನಡಿಗರಿಗೆ ನಾನು ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಊರಿನಿಂದ ವಯಸ್ಸಾದ ತಂದೆ ತಾಯಿಯರನ್ನು ಕರೆಸಿಕೊಂಡವರಿಗಂತೂ ಅದು ಪರೀಕ್ಷೆಯ ತಿಂಗಳು. 2024ರ ಜೂನ್‌ನಲ್ಲಿ ನನ್ನ ತಾಯಿ ತೀರ್ಥಹಳ್ಳಿಯ ಕಡೆಯಿಂದ ಬಂದು ನಮ್ಮಲ್ಲಿದ್ದಳು. ನಮ್ಮದು ಸರ್ಕಾರಿ ಕ್ವಾರ್ಟರ್ಸ್‌ನ ಕೊನೆಯ ಮಹಡಿ. ಎರಡು ಕೋಣೆ, ಎರಡಕ್ಕೂ ಒಂದೊಂದು ಕೂಲರ್. ಎ.ಸಿ. ಗಾಳಿ ಅಮ್ಮನ ಮಂಡಿಗೆ ಆಗದು.

ನಾಲ್ಕನೆಯ ದಿನದಿಂದ ದೂರು ಶುರುವಾಯಿತು. “ಈ ಕೂಲರ್ ಕೆಟ್ಟಿದೆ ಮಾರಾಯಾ, ರಾತ್ರಿಯೆಲ್ಲ ತಲೆಯ ಮೇಲೆ ಕೆಂಡ ಇಟ್ಟ ಹಾಗಿರುತ್ತೆ” ಎಂದಳು. ನನ್ನ ಹೆಂಡತಿ ಹುಲ್ಲಿನ ಪ್ಯಾಡ್ ಬದಲಾಯಿಸಿದಳು. ದೂರು ನಿಲ್ಲಲಿಲ್ಲ. “ಅಜ್ಜಿಗೆ ಊರ ನೆನಪು ಬಂದಿದೆ, ಅಷ್ಟೇ” ಎಂದು ಮಗ ತೀರ್ಪು ಕೊಟ್ಟ.

ನಾನು ಬಿ.ಎಸ್ಸಿ. ಓದಿದವನು. ಒಂದು ಉಷ್ಣಮಾಪಕ ತಂದು ರಾತ್ರಿ ಒಂಬತ್ತಕ್ಕೆ ಎರಡೂ ಕೋಣೆಗಳಲ್ಲಿ ಇಟ್ಟು ನೋಡಿದೆ. ಎರಡೂ ಕಡೆ 32 ಡಿಗ್ರಿ. “ನೋಡಮ್ಮ, ನಿನ್ನ ಕೋಣೆಯೂ ಒಂದೇ, ನಮ್ಮ ಕೋಣೆಯೂ ಒಂದೇ” ಎಂದೆ. ಅವಳು ಗಾಜಿನ ಕೊಳವೆಯನ್ನೂ ನನ್ನ ಮುಖವನ್ನೂ ನೋಡಿ ಸುಮ್ಮನಾದಳು. ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿದಳು: “ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಟಿಕೆಟ್ ತೆಗೆಸಿಬಿಡು.”

ಆ ದಿನ ಕಚೇರಿಯಲ್ಲಿ ಒಂದು ಕಡತಕ್ಕೆ “ಪರಿಶೀಲಿಸಲಾಗಿ ಯಾವ ದೋಷವೂ ಕಂಡುಬಂದಿಲ್ಲ” ಎಂಬರ್ಥದ ಟಿಪ್ಪಣಿ ಬರೆಯುತ್ತಿದ್ದೆ. ಇಪ್ಪತ್ತು ವರ್ಷದಿಂದ ಬರೆದು ಬಂದ ವಾಕ್ಯ. ಕೈ ತಡೆಯಿತು. ಅಮ್ಮನಿಗೂ ನಾನು ಇದೇ ಟಿಪ್ಪಣಿ ಬರೆದಿದ್ದೆನಲ್ಲವೆ? ನಾನು ಪರೀಕ್ಷಿಸಿದ್ದು ಸೆಖೆಯನ್ನಲ್ಲ, ಅವಳ ಮಾತನ್ನು; ಅದೂ ಅದನ್ನು ಮುಗಿಸುವುದಕ್ಕಾಗಿ.

ಆಮೇಲೆ ಕಾಲೇಜಿನ ಪಾಠ ನೆನಪಾಯಿತು. ಸಾಮಾನ್ಯ ಉಷ್ಣಮಾಪಕ ಹೇಳುವುದು ಗಾಳಿಯ ಉಷ್ಣತೆಯನ್ನು. ಮೈಗೆ ತಾಗುವುದು ಗಾಳಿಯೊಂದೇ ಅಲ್ಲ. ಸುತ್ತಲಿನ ಗೋಡೆ, ಸೂರುಗಳಿಂದ ಬರುವ ವಿಕಿರಣವೂ ಉಂಟು. ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿ ಚರ್ಮಕ್ಕಿಂತ ಬಿಸಿಯಾಗಿದ್ದರೆ, ಮಲಗಿದವರ ಮೈ ಅದರಿಂದ ರಾತ್ರಿಯಿಡೀ ಶಾಖ ಪಡೆಯುತ್ತದೆ. ಇದನ್ನು ಅಳೆಯಲೆಂದೇ ಇಂಗ್ಲೆಂಡಿನ ವರ್ನನ್ 1930ರ ಸುಮಾರಿಗೆ ಒಂದು ಸಾಧನವನ್ನು ಬಳಕೆಗೆ ತಂದ: ಸುಮಾರು 15 ಸೆಂಟಿಮೀಟರ್ ವ್ಯಾಸದ ಟೊಳ್ಳು ತಾಮ್ರದ ಗೋಳ, ಹೊರಗೆ ಕಪ್ಪು ಬಣ್ಣ, ನಡುವೆ ಉಷ್ಣಮಾಪಕದ ಬುಡ.

ತಾಮ್ರದ ಗೋಳ ನನಗೆಲ್ಲಿ ಸಿಗಬೇಕು? ಮಗನ ಟೇಬಲ್ ಟೆನ್ನಿಸ್ ಚೆಂಡಿಗೆ ಕಪ್ಪು ಬಣ್ಣ ಬಳಿದು ತೂತು ಮಾಡಿದೆ. ಇನ್ನೊಂದು ಉಷ್ಣಮಾಪಕ ತಂದು, ಎರಡನ್ನೂ ಒಂದೇ ಲೋಟದ ನೀರಿನಲ್ಲಿಟ್ಟು ಒಂದೇ ಅಂಕಿ ತೋರಿಸುವುದನ್ನು ಖಚಿತಮಾಡಿಕೊಂಡೆ. ಕೂಲರ್ ಗಾಳಿ ನೇರವಾಗಿ ಬಡಿಯದ ಕಡೆ ಎರಡನ್ನೂ ತೂಗುಹಾಕಿದೆ. ಅಮ್ಮನ ಕೋಣೆಯಲ್ಲಿ ಗಾಳಿ 32, ಚೆಂಡು 36. ನಮ್ಮ ಕೋಣೆಯಲ್ಲಿ ಗಾಳಿ 32, ಚೆಂಡು 33. ಮರುದಿನ ಎರಡು ಮಾಪಕಗಳನ್ನು ಅದಲು ಬದಲು ಮಾಡಿ ನೋಡಿದೆ. ಅದೇ ಉತ್ತರ.

ತಾರಸಿ ಹತ್ತಿ ನೋಡಿದರೆ ಕಾರಣ ಎದುರಿಗೇ ಇತ್ತು. ನಮ್ಮ ಕೋಣೆಯ ಮೇಲೆ ನೀರಿನ ಟ್ಯಾಂಕುಗಳ ನೆರಳು. ಅಮ್ಮನ ಕೋಣೆಯ ಮೇಲೆ ಬಟ್ಟಬಿಸಿಲು. ಸಾಲದ್ದಕ್ಕೆ ಅವಳ ಮಂಚ ಪಡುವಣ ಗೋಡೆಗೆ ತಾಗಿತ್ತು.

ಆ ರಾತ್ರಿ ಏನೂ ಹೇಳದೆ ಅಮ್ಮನನ್ನು ನಮ್ಮ ಕೋಣೆಯಲ್ಲಿ ಮಲಗಿಸಿ, ಅವಳ ಮಂಚದಲ್ಲಿ ನಾನು ಮಲಗಿದೆ. ಕೆಂಡದ ಮಾತು ಉತ್ಪ್ರೇಕ್ಷೆಯಲ್ಲ ಎಂದು ಹನ್ನೆರಡು ಗಂಟೆಯೊಳಗೆ ತಿಳಿಯಿತು. ಅವಳು ಬೆಳಗಿನವರೆಗೆ ನಿದ್ದೆ ಮಾಡಿದಳು. ಭಾನುವಾರ ಮಗನೂ ನಾನೂ ತಾರಸಿಗೆ ಎರಡು ಕೈ ಸುಣ್ಣ ಬಳಿದೆವು. ಮಂಚವನ್ನು ಮಾತ್ರ ಆಗ ಸರಿಸಲಿಲ್ಲ, ಯಾವುದರಿಂದ ಎಷ್ಟು ಲಾಭ ಎಂದು ತಿಳಿಯಬೇಕಿತ್ತು. ಎರಡು ದಿನದ ಮೇಲೆ ಚೆಂಡು 34ಕ್ಕೆ ಇಳಿಯಿತು, ಗಾಳಿ ಅದೇ 32. ಆಮೇಲೆ ಮಂಚವನ್ನೂ ಸರಿಸಿದೆವು. ಟಿಕೆಟ್‌ನ ಮಾತು ಮತ್ತೆ ಬರಲಿಲ್ಲ.

ಹಾಗಾದರೆ ನೊಂದವರು ಹೇಳಿದ್ದೆಲ್ಲ ಸತ್ಯವೆ? ಅಲ್ಲ. ಕೂಲರ್ ಕೆಟ್ಟಿದೆ ಎಂದು ಅಮ್ಮ ಹೇಳಿದ್ದು ತಪ್ಪು. ಕೂಲರ್ ಚೆನ್ನಾಗಿಯೇ ಇತ್ತು. ಆದರೆ ಅವಳಿಗೆ ಸೆಖೆಯಾಗುತ್ತಿದ್ದುದು ಸತ್ಯ. ನ್ಯಾಯಶಾಸ್ತ್ರದವರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿದರು. ಬೇಗೆ ಅಮ್ಮನಿಗೆ ಪ್ರತ್ಯಕ್ಷ. ಕೂಲರ್ ಕೆಟ್ಟಿದೆಯೆಂಬುದು ಅವಳ ಅನುಮಾನ. ನಾನು ಅವಳ ಅನುಮಾನವನ್ನು ಸುಳ್ಳು ಮಾಡಿ ಪ್ರತ್ಯಕ್ಷವನ್ನೂ ತಳ್ಳಿಹಾಕಿದ್ದೆ. ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ ನಡೆಯುವ ಎಷ್ಟೋ ಅನ್ಯಾಯಗಳು ಇದೇ ಬಗೆಯವು. ಹೇಳಿದ ಕಾರಣ ತಪ್ಪೆಂದು ಕಂಡೊಡನೆ ನೋವೇ ಇಲ್ಲವೆಂದು ಕಡತ ಮುಚ್ಚುತ್ತೇವೆ.

ನೋವಿದೆಯೇ ಎಂಬುದಕ್ಕೆ ನೊಂದವರೇ ಸಾಕ್ಷಿ. ಕಾರಣವೇನು ಎಂಬುದಕ್ಕೆ ಮಾತ್ರ ಪರೀಕ್ಷೆ ಬೇಕು. ಮಾಪಕ ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಅದು ಉತ್ತರ ಕೊಟ್ಟಿತು. ಕೇಳಬೇಕಾದ್ದನ್ನು ನಾನು ಕೇಳಿರಲಿಲ್ಲ.

ಅಮ್ಮನಿಗೆ ಇದನ್ನೆಲ್ಲ ವಿವರಿಸಹೊರಟೆ. “ಅಷ್ಟು ದೊಡ್ಡ ಚೆಂಡು ಯಾಕೆ ಬೇಕಿತ್ತೋ? ಮೊದಲ ದಿನವೇ ನೀನೊಮ್ಮೆ ಬಂದು ಮಲಗಿದ್ದರೆ ಸಾಕಿತ್ತು” ಎಂದಳು. ಅದಕ್ಕೆ ನನ್ನ ಬಿ.ಎಸ್ಸಿ.ಯಲ್ಲಿ ಉತ್ತರವಿರಲಿಲ್ಲ.